ಬುಗುರಿಗೆ ಎಷ್ಟು ವಯಸ್ಸು?

ಜೂನ್ ೧೦

ಬುಗುರಿ,

ನಾನು ತಲುಪಿದ ಸುದ್ದಿಯನ್ನು ಟೈಲರ್ ಮಾಮನ ಅಂಗಡಿಗೆ ಫೋನ್ ಮಾಡಿ ಹೇಳಿದ್ದೆ. ಮೆಷಿನ್ನಿನ ಗಡಗಡದಲ್ಲಿ ಅವರಿಗೆ ಎಷ್ಟು ಕೇಳಿಸಿತೋ, ಮಹಡಿ ಹತ್ತಿ ನಿಮಗೆ ಎಷ್ಟು ಮುಟ್ಟಿಸಿದರೋ ಗೊತ್ತಿಲ್ಲ. ಇನ್ನು ಮೇಲೆ ಕಾಗದವೇ ಸರಿ. ಇಲ್ಲಿ ಹಾಸ್ಟೆಲಿನ ಫೋನು ವಾರ್ಡನ್ ಮೇಜಿನ ಮೇಲಿದೆ. ಅದರ ಮುಂದೆ ನಿಂತು ಮಗಳ ಜೊತೆ ಮಾತಾಡುವುದೂ ಒಂದೇ, ಡಂಗುರ ಹೊಡೆಯುವುದೂ ಒಂದೇ.

ನಮ್ಮ ಕೋಣೆಯಲ್ಲಿ ನಾಲ್ಕು ಮಂಚ. ಉಳಿದ ಮೂವರಿಗೂ ಹದಿನೆಂಟು, ಹತ್ತೊಂಬತ್ತರ ವಯಸ್ಸು. ಮೊದಲ ದಿನ ನನ್ನನ್ನು ಯಾರದೋ ತಾಯಿ ಬಿಡಲು ಬಂದಿದ್ದಾಳೆ ಅಂದುಕೊಂಡು ಕುರ್ಚಿ ಕೊಟ್ಟು ಕೂರಿಸಿದರು. ನಾನು ಪುಸ್ತಕ ತೆಗೆದು ಮಂಚದ ಮೇಲೆ ಇಟ್ಟಾಗ ಒಬ್ಬಳು, "ಆಂಟಿ, ನೀವೂ ಓದೋಕೆ ಬಂದಿದ್ದೀರಾ?" ಅಂದಳು. "ಹೂಂ, ನಿಮ್ಮನ್ನ ಕಾಯೋಕೆ ಸಂಬಳ ಕೊಡಲ್ಲ ಅಂದ್ರು, ಅದಕ್ಕೆ ಓದ್ತಾನೇ ಇದ್ದುಬಿಡೋಣ ಅಂತ" ಅಂದೆ. ಈಗ ಎಲ್ಲರೂ ಹಿರಿಯಕ್ಕ ಅನ್ನುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಬೆನ್ನ ಹಿಂದೆ ನಗುವವರೂ ಇದ್ದಾರೆ. ನಗಲಿ. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಅಷ್ಟು ವರ್ಷ ಆಯಾ ಆಗಿ ನೆಲ ಒರೆಸಿದವಳಿಗೆ ನಗು ಹೊಸದಲ್ಲ.

ನರ್ಸಿಂಗಿನ ಈ ಅವಧಿಯಲ್ಲಿ ನಮಗೊಂದು ವಿಷಯವಿದೆ: ಮನುಷ್ಯ ಹುಟ್ಟಿದಾಗಿನಿಂದ ಸಾಯುವತನಕ ಹೇಗೆ ಬೆಳೆಯುತ್ತಾನೆ ಅಂತ. ಟ್ಯೂಟರ್ ಮೇಡಂ ಹೇಳಿದರು, "ಬೆಳವಣಿಗೇನ ಟೇಪು ಹಿಡಿದು ಅಳೀಬಹುದು. ವಿಕಾಸ ಹಾಗಲ್ಲ, ಕಣ್ಣಿಟ್ಟು ನೋಡಬೇಕು." ಮಕ್ಕಳ ವಾರ್ಡಿನಲ್ಲಿ ನೋಡಿದೆ. ಮೂರು ತಿಂಗಳಿಗೆ ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಆಮೇಲೆ ಕಾಲು. ತಲೆಯಿಂದ ಶುರುವಾಗಿ ಕೆಳಗೆ ಇಳಿಯುತ್ತದಂತೆ ಶಕ್ತಿ. ನೀನು ಮಾತ್ರ ಕತ್ತು ನಿಲ್ಲುವ ಮೊದಲೇ ಕಾಲು ಝಾಡಿಸಿ ಮಂಚದಿಂದ ಬಿದ್ದವಳು. ಬುಗುರಿ ಅಂತ ಹೆಸರಿಟ್ಟವಳು ಅಜ್ಜಿ.

ಅಜ್ಜಿಯ ಮಾತು ಕೇಳು. ಅವಳ ಊಟ, ನಿನ್ನ ಓದು ಎರಡನ್ನೂ ಬರಿ. ನನ್ನ ಚಿಂತೆ ಬೇಡ. ಇಲ್ಲಿ ಎಲ್ಲ ಸರಿಯಾಗಿದೆ.

ನಿನ್ನ ಅಮ್ಮ


ಜೂನ್ ೨೪

ಅಮ್ಮ,

ನಾವಿಬ್ಬರೂ ಚೆನ್ನಾಗಿದ್ದೇವೆ. ಅಜ್ಜಿ ಚೆನ್ನಾಗಿ ಊಟ ಮಾಡುತ್ತಾಳೆ. ಒಮ್ಮೊಮ್ಮೆ ಎರಡು ಸಲವೂ ಮಾಡುತ್ತಾಳೆ, ಮೊದಲ ಸಲ ಮಾಡಿದ್ದು ಮರೆತು. ಮೊನ್ನೆ ಚಹಾಕ್ಕೆ ಉಪ್ಪು ಹಾಕಿದ್ದಳು. ನಾನು ಥೂ ಅಂದರೆ, "ನಿಮ್ಮಮ್ಮ ಹೋದ ಮೇಲೆ ನಿನಗೆ ನಾಲಿಗೆ ಉದ್ದ ಆಯ್ತು" ಅಂದಳು. ಆಮೇಲೆ ಅವಳೇ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಇಬ್ಬರೂ ನಕ್ಕೆವು.

ಟೈಲರ್ ಮಾಮ ಕತ್ತರಿ ಕಾಣೆ ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದರು. ಅದು ನಮ್ಮ ಅಕ್ಕಿ ಡಬ್ಬದಲ್ಲಿ ಇತ್ತು. ಯಾರಿಗೂ ಹೇಳದೆ ವಾಪಸ್ಸು ಇಟ್ಟು ಬಂದೆ. ಅಜ್ಜಿಗೆ ತಮಾಷೆ ಜಾಸ್ತಿಯಾಗಿದೆ. ನಡುನಡುವೆ ನನ್ನನ್ನು ನಿನ್ನ ಹೆಸರಿನಿಂದ ಕರೆಯುತ್ತಾಳೆ.

ಶಾಲೆ ಚೆನ್ನಾಗಿದೆ. ನೀನು ಯಾವಾಗ ಬರುತ್ತೀಯ? ಅರ್ಧ ವರ್ಷದ ರಜೆಗೆ ಮೊದಲು ಬರಲು ಆಗುವುದೇ ಇಲ್ಲವೇ? ಸುಮ್ಮನೆ ಕೇಳಿದೆ.

ಬುಗುರಿ


ಜುಲೈ ೮

ಬುಗುರಿ,

ಕಾಗದ ಓದಿ ರೂಮಿನವರಿಗೆಲ್ಲ ಉಪ್ಪಿನ ಚಹಾದ ಕಥೆ ಹೇಳಿದೆ. ಅರವತ್ತಕ್ಕೆ ಅರಳು ಮರಳು ಅನ್ನುವುದು ಸುಳ್ಳಲ್ಲ! ನಿನ್ನ ಅಜ್ಜಿಗೆ ಅರವತ್ತೆಂಟು, ಸ್ವಲ್ಪ ತಡವಾಗಿಯೇ ಬಂದಿದೆ.

ನಿನ್ನ ಪ್ರಶ್ನೆಗೆ ಉತ್ತರ: ಆಗುವುದಿಲ್ಲ ಕಂದ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ. ರಜೆ ಕೇಳಿದರೆ ಹಾಜರಿ ಕಡಿಮೆಯಾಗುತ್ತದೆ. ಮೊದಲ ಕಿರುಪರೀಕ್ಷೆ ಮುಗಿಯಿತು, ಚೆನ್ನಾಗಿ ಆಯಿತು.

ಈಗ ಹರೆಯದ ಪಾಠ ನಡೆಯುತ್ತಿದೆ. ಓದುತ್ತಾ ಹೋದ ಹಾಗೆ ಪುಸ್ತಕದೊಳಗೆ ನೀನೇ ಕೂತಿದ್ದೀಯೇನೋ ಅನ್ನಿಸಿತು. ಹದಿಮೂರು, ಹದಿನಾಲ್ಕರಲ್ಲಿ ಮಕ್ಕಳು ಮನೆಯವರಿಂದ ದೂರ ಸರಿಯುತ್ತಾರೆ. ಮುಂಗೋಪ ಬರುತ್ತದೆ. ನಿದ್ದೆಯ ಹೊತ್ತು ಏರುಪೇರಾಗುತ್ತದೆ. ಗುಟ್ಟು ಇಟ್ಟುಕೊಳ್ಳುತ್ತಾರೆ. ನಾನು ಟೈಲರ್ ಮಾಮನಿಗೆ ಫೋನ್ ಮಾಡಿದಾಗ ಅವರು ಹೇಳಿದರು, "ನಿನ್ನ ಮಗಳು ಈಗ ಸಿಡಿಮಿಡಿ ಕಣಮ್ಮ. ಸ್ಕೂಲಿಂದ ಬಂದವಳು ಮಾತಿಲ್ಲ ಕತೆಯಿಲ್ಲ, ಮೆಟ್ಟಿಲು ಹತ್ತಿ ಓಡ್ತಾಳೆ. ನಮ್ಮವಳು ಬಾಗಿಲು ತಟ್ಟಿದ್ರೆ ಅರ್ಧ ತೆಗೆದು ಮುಖ ತೋರಿಸಿ ಮುಚ್ಚಿಬಿಡ್ತಾಳೆ." ನಾನು ನಕ್ಕು, "ಅದು ವಯಸ್ಸಿನ ಆಟ ಮಾಮ, ನಮ್ಮ ಪುಸ್ತಕದಲ್ಲೇ ಇದೆ" ಅಂದೆ.

ಆದರೂ ಒಂದು ಮಾತು. ಕೋಪ ಬಂದರೆ ಬರಲಿ, ಹೋಗಲಿ. ಬಂದವರ ಮುಖಕ್ಕೆ ಬಾಗಿಲು ಹಾಕಬಾರದು. ರಾತ್ರಿ ಬೇಗ ಮಲಗು. ನಿನ್ನ ಅಕ್ಷರ ನಿದ್ದೆಗೆಟ್ಟವರ ಅಕ್ಷರದಂತೆ ಸಾಲು ಬಿಟ್ಟು ಓಡುತ್ತಿದೆ. ಹಾಗೆಯೇ, ನಿನ್ನ ಮೈಯಲ್ಲಿ ಬದಲಾವಣೆ ಆಗುವ ಕಾಲ. ಹೆದರಬೇಡ. ಏನಾದರೂ ಆದರೆ ಅಜ್ಜಿಗೆ ಹೇಳು, ಅವಳಿಗೆ ಎಲ್ಲ ಗೊತ್ತು.

ನಿನ್ನ ಅಮ್ಮ


ಜುಲೈ ೧೯

ಅಮ್ಮ,

ನಾನು ನಿನ್ನ ಪುಸ್ತಕದಲ್ಲಿ ಇಲ್ಲ. ದಯವಿಟ್ಟು ನನ್ನನ್ನು ಅಲ್ಲಿ ಹುಡುಕಬೇಡ.

ಟೈಲರ್ ಮಾಮನಿಗೆ ಮಾಡಲು ಕೆಲಸವಿಲ್ಲವೇ?

ನನಗೊಂದು ಸಹಾಯ ಬೇಕು. ಶಾಲೆಯಲ್ಲಿ ವಯಸ್ಸಾದವರ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದಾರೆ. ನಿನ್ನ ಆಸ್ಪತ್ರೆಯಲ್ಲಿ ಮುದುಕರ ವಾರ್ಡ್ ಇದೆಯಲ್ಲ, ಅಲ್ಲಿ ಯಾರಾದರೂ ಸ್ನಾನ ಮಾಡುವುದಿಲ್ಲ ಅಂತ ಹಠ ಹಿಡಿದರೆ ಏನು ಮಾಡುತ್ತಾರೆ? ಮನೆಯಲ್ಲೇ ಕೂತು "ಮನೆಗೆ ಹೋಗಬೇಕು" ಅಂದರೆ ಏನು ಉತ್ತರ ಕೊಡಬೇಕು? ಬಾಗಿಲು ತೆಗೆದು ಹೊರಟರೆ ಹೇಗೆ ತಡೆಯುತ್ತಾರೆ? ಅವರಿಗೆ ಬೈದುಬಿಟ್ಟರೆ, ಆ ಬೈಗುಳ ಅವರಿಗೆ ಆಮೇಲೆ ನೆನಪಿರುತ್ತದೆಯೇ? ಬೇಗ ಬರಿ, ಪ್ರಬಂಧ ಕೊಡಬೇಕು.

ಅಜ್ಜಿ ಪಕ್ಕದಲ್ಲೇ ಕೂತಿದ್ದಾಳೆ. ತಾನು ಹೇಳಿದ್ದನ್ನು ಬರೆಯಲು ಹೇಳಿದಳು. "ಅವಳಿಗೆ ಬರಿ, ಸ್ವೆಟರ್ ಹಾಕ್ಕೊಂಡು ಹೋಗ್ಲಿ. ರಸ್ತೆ ದಾಟುವಾಗ ಎರಡೂ ಕಡೆ ನೋಡ್ಲಿ. ಲೆಕ್ಕದ ಟೀಚರ್ ಹೊಡೆದ್ರೆ ನಂಗೆ ಹೇಳ್ಲಿ, ನಾನು ಪಾಳಿ ಮುಗಿಸ್ಕೊಂಡು ಬಂದು ವಿಚಾರಿಸ್ಕೊಳ್ತೀನಿ." ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

ಬುಗುರಿ


ಆಗಸ್ಟ್ ೨

ಬುಗುರಿ,

ಅಜ್ಜಿಯ ಮಾತು ಓದಿ ಕಣ್ಣು ತುಂಬಿ ಬಂತು. ಹೆತ್ತವಳಿಗೆ ಮಗಳು ಎಷ್ಟು ದೊಡ್ಡವಳಾದರೂ ಮಗುವೇ ನೋಡು. ಅವಳು ದುಡಿಯುತ್ತಿದ್ದ ಗಿರಣಿ ಮುಚ್ಚಿ ಎಷ್ಟು ವರ್ಷವಾಯಿತು, ಇನ್ನೂ ಪಾಳಿಯ ಮಾತಾಡಿ ತಮಾಷೆ ಮಾಡುತ್ತಾಳೆ!

ನಿನ್ನ ಪ್ರಶ್ನೆಗಳು ನನಗೆ ಎಷ್ಟು ಸಂತೋಷ ಕೊಟ್ಟವು ಗೊತ್ತೇ? ಅವನ್ನು ಟ್ಯೂಟರ್ ಮೇಡಂಗೆ ಓದಿ ಹೇಳಿದೆ. "ಹದಿಮೂರು ವರ್ಷದ ಹುಡುಗಿ ಹೀಗೆಲ್ಲ ಕೇಳ್ತಾಳಾ?" ಎಂದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನಾನು ಹೆಮ್ಮೆಯಿಂದ ಬೀಗಿದೆ.

ಮುದುಕರ ವಾರ್ಡಿಗೆ ನನ್ನನ್ನು ಈ ವಾರವೇ ಹಾಕಿದ್ದಾರೆ. ಅಲ್ಲೊಬ್ಬ ರೈಲ್ವೆ ಗಾರ್ಡ್ ತಾತ ಇದ್ದಾನೆ. ಮಧ್ಯಾಹ್ನವಾದರೆ ಸಾಕು, ಎದ್ದು ಕಿಟಕಿಯ ಹತ್ತಿರ ನಿಂತು ಟವೆಲ್ ಬೀಸುತ್ತಾನೆ. "ಸಿಗ್ನಲ್ ಬಿದ್ದಿದೆ, ಗಾಡಿ ಬಿಡಬೇಕು, ನನ್ನ ಬೂಟು ಎಲ್ಲಿ?" ಅನ್ನುತ್ತಾನೆ. ಮೊದಲ ದಿನ ನಾನು, "ತಾತ, ಇದು ಆಸ್ಪತ್ರೆ, ಗಾಡಿ ಇಲ್ಲ" ಅಂತ ಬುದ್ಧಿ ಹೇಳಲು ಹೋಗಿ ಉಗಿಸಿಕೊಂಡೆ. ವಾರ್ಡ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ, "ಗಾಡಿ ಸ್ವಲ್ಪ ಲೇಟಂತೆ ಸರ್, ಅಲ್ಲೀವರೆಗೆ ಒಂದು ಲೋಟ ಹಾಲು ಕುಡೀರಿ. ನಿಮ್ಮ ಮೊದಲ ಗಾಡಿ ಯಾವುದು?" ಅಂದರು. ತಾತ ಕೂತ. ಹಾಲು ಕುಡಿದ. ಕಥೆ ಹೇಳಿದ.

ಹಾಗಾಗಿ ಬರೆದುಕೋ. ವಾದ ಮಾಡಬಾರದು. ಮನೆಗೆ ಹೋಗಬೇಕು ಅಂದರೆ ಆ ಮನೆಯಲ್ಲಿ ಯಾರಿದ್ದರು ಅಂತ ಕೇಳಬೇಕು. ಸ್ನಾನಕ್ಕೆ ಹಠ ಮಾಡಿದರೆ ಮೊದಲು ಕಾಲಿಗೆ ಮಾತ್ರ ಬಿಸಿನೀರು ಹಾಕಬೇಕು, ಆಮೇಲೆ ಕೈ, ನಿಧಾನವಾಗಿ. ಬಾಗಿಲಿಗೆ ಪರದೆ ಇಳಿಬಿಟ್ಟರೆ ಅವರ ಕಣ್ಣಿಗೆ ಅದು ಬಾಗಿಲಿನಂತೆ ಕಾಣುವುದಿಲ್ಲವಂತೆ. ಬೈದದ್ದು ನೆನಪಿರುತ್ತದೆಯೇ ಅಂದರೆ, ಮಾತು ಮರೆಯುತ್ತಾರೆ, ಆದರೆ ಮನಸ್ಸಿಗೆ ಆದ ನೋವು ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ಯಾಕೆ ಅಳುತ್ತಿದ್ದೇನೆ ಅಂತ ಗೊತ್ತಿಲ್ಲದೆ ಅಳುತ್ತಾರೆ.

ಪ್ರಬಂಧಕ್ಕೆ ಎಷ್ಟು ಅಂಕ ಬಂತು ಬರಿ. ದೊಡ್ಡವಳಾಗಿ ನೀನೂ ನರ್ಸ್ ಆಗುತ್ತೀಯೋ ಏನೋ!

ನಿನ್ನ ಅಮ್ಮ


ಆಗಸ್ಟ್ ೧೩

ಅಮ್ಮ,

ಪ್ರಬಂಧ ಕೊಟ್ಟೆ. ಒಳ್ಳೆಯ ಅಂಕ ಬಂತು. ಬಿಸಿನೀರಿನ ಉಪಾಯ ಎಲ್ಲರಿಗೂ ಇಷ್ಟವಾಯಿತು. ಪರದೆಯದು ಅಷ್ಟು ಒಳ್ಳೆಯ ಉಪಾಯವಲ್ಲ.

ನಾನು ನರ್ಸ್ ಆಗುವುದಿಲ್ಲ.

ಬುಗುರಿ


ಸೆಪ್ಟೆಂಬರ್ ೩

ಬುಗುರಿ,

ನಿನ್ನ ಕಾಗದ ಬಂದ ಮೇಲೆ ಇನ್ನೆರಡು ಕಾಗದ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಮುನಿಸಿಕೊಳ್ಳಲು ನಿನಗೆ ಕಾರಣವಾದರೂ ಏನು? ನಾನು ಇಲ್ಲಿ ಮೋಜಿಗೆ ಬಂದಿಲ್ಲ. ನಿನ್ನ ವಯಸ್ಸಿನ ಹುಡುಗಿಯರು ದೂರ ಸರಿಯುತ್ತಾರೆ, ಬಿಟ್ಟುಕೊಡಬೇಕು ಅಂತ ಪುಸ್ತಕ ಹೇಳುತ್ತದೆ. ಎಷ್ಟು ಬಿಟ್ಟುಕೊಡಬೇಕು ಅಂತ ಹೇಳುವುದಿಲ್ಲ. ಮುದಿ ಜೀವವನ್ನು ಪಕ್ಕದಲ್ಲಿಟ್ಟುಕೊಂಡು ಮೂತಿ ತಿರುಗಿಸಿ ಕೂರಬೇಡ. ಅಜ್ಜಿಯಿಂದಾದರೂ ನಾಲ್ಕು ಸಾಲು ಹೇಳಿಸಿ ಬರಿ.

ಅಮ್ಮ


ಸೆಪ್ಟೆಂಬರ್ ೧೧

ನನ್ನ ಬುಗುರಿ,

ಹಿಂದಿನ ಕಾಗದ ನಿನ್ನ ಕೈಯಲ್ಲಿದ್ದರೆ ಹರಿದುಹಾಕು.

ಇವತ್ತು ಬೆಳಿಗ್ಗೆ ವಾರ್ಡಿಗೆ ಒಬ್ಬಳು ಅಜ್ಜಿಯನ್ನು ಕರೆತಂದರು. ನಾನು ಅವಳ ತಲೆ ಬಾಚುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು ಮಗಳ ಹೆಸರಿನಿಂದ ಕರೆದಳು. ಜೊತೆಗೆ ಬಂದ ಮೊಮ್ಮಗಳು ಮೆಲ್ಲಗೆ ಹೇಳಿದಳು: "ನನ್ನನ್ನೂ ಹಾಗೇ ಕರೀತಾರೆ. ಮೊದಮೊದಲು ತಮಾಷೆ ಅಂದ್ಕೊಂಡಿದ್ವಿ."

ಬಾಚಣಿಗೆ ಕೈಯಲ್ಲೇ ನಿಂತಿತು. ಉಪ್ಪಿನ ಚಹಾ, ಅಕ್ಕಿ ಡಬ್ಬದ ಕತ್ತರಿ, ಲೆಕ್ಕದ ಟೀಚರು, ಗಿರಣಿಯ ಪಾಳಿ, ಅರ್ಧ ತೆರೆದ ಬಾಗಿಲು. ನಿನ್ನ ಆ ಪ್ರಬಂಧ! ಬಾಗಿಲಿನ ಮಾತೊಂದು ಬಿಟ್ಟರೆ ಒಂದೊಂದೂ ನೀನೇ ಬರೆದು ಕಳಿಸಿದ್ದು. ನಾನು ಅದನ್ನು ರೂಮಿನವರಿಗೆ ಓದಿ ಹೇಳಿ ನಗಿಸಿದೆ. ಟ್ಯೂಟರ್ ಮೇಡಂ ಆ ದಿನ ನನ್ನ ಮುಖವನ್ನು ಯಾಕೆ ಹಾಗೆ ನೋಡಿದರು ಅಂತ ಈಗ ಅರ್ಥವಾಗುತ್ತಿದೆ.

ಕೂಡಲೇ ಟೈಲರ್ ಮಾಮನಿಗೆ ಫೋನ್ ಮಾಡಿ ನಿನ್ನನ್ನು ಕರೆಸಿದೆ. ನೀನು, "ಏನೂ ಇಲ್ಲ, ಎಲ್ಲ ಸರಿ ಇದೆ" ಅಂದೆ. ಮೇಲಿಂದ ಯಾರೋ ಕೂಗಿದ್ದು ಕೇಳಿಸಿತು, ನೀನು ಫೋನ್ ಇಟ್ಟು ಓಡಿದೆ. ಮಾಮನಿಗೆ ನಾನೇ ಎಲ್ಲ ಹೇಳಿದ್ದೇನೆ. ನಾಳೆಯಿಂದ ಮಾಮನ ಮನೆಯ ಅತ್ತೆ ಹಗಲೆಲ್ಲ ಮೇಲೆ ಬಂದು ಕೂರುತ್ತಾರೆ. ಅವರಿಗೆ ಬಾಗಿಲು ಪೂರ್ತಿ ತೆಗೆ.

ಮುಂದಿನ ವಾರ ಪರೀಕ್ಷೆ ಮುಗಿದ ದಿನವೇ ರೈಲು ಹತ್ತುತ್ತೇನೆ. ಅಲ್ಲಿಯತನಕ ನನಗೆ ನಿದ್ದೆ ಬರುವುದಿಲ್ಲ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನೀನೂ ಹಾಗೇ ಕಳಿಸು. ನಿಜ ಬರಿ, ಅದೆಷ್ಟು ಕೆಟ್ಟದಾಗಿದ್ದರೂ ಸರಿ.

ನಿನ್ನ ಅಮ್ಮ


ಸೆಪ್ಟೆಂಬರ್ ೧೪

ಅಮ್ಮ,

ನಿನಗೆ ಹೇಳಬಾರದು ಅಂತಲ್ಲ. ಹೇಳಿದರೆ ನೀನು ಎಲ್ಲ ಬಿಟ್ಟು ಬಂದುಬಿಡುತ್ತೀಯ ಅಂತ ಗೊತ್ತಿತ್ತು. ಡಾಕ್ಟರಮ್ಮ ನಿನ್ನ ಅರ್ಜಿಗೆ ಸಹಿ ಹಾಕಿದ ದಿನ ನೀನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಗುತ್ತಿದ್ದೆ. ನಾನು ನೋಡಿದ್ದೆ.

ನೀನು ಹೋದ ಮೇಲೆ ಅಜ್ಜಿ ದಿನಕ್ಕೊಂದು ಥರ ಆದಳು. ಕೆಲವು ದಿನ ಬೆಳಿಗ್ಗೆ ಸರಿಯಾಗಿರುತ್ತಾಳೆ, ಸಂಜೆ ನನ್ನನ್ನು ಯಾರು ಅನ್ನುತ್ತಾಳೆ. ರಾತ್ರಿ ಎದ್ದು ಓಡಾಡುತ್ತಾಳೆ. ಅದಕ್ಕೇ ನಾನು ನಿದ್ದೆ ಮಾಡುತ್ತಿರಲಿಲ್ಲ. ನೀನು ಬೇಗ ಮಲಗು ಅಂತ ಬರೆದಾಗ ಆ ಕಾಗದವನ್ನು ಎಸೆಯಬೇಕು ಅನ್ನಿಸಿತ್ತು.

ಪರದೆ ಹಾಕಿದ್ದೆ. ಅಜ್ಜಿ ಅದನ್ನು ಕಿತ್ತು ಮಡಿಸಿಟ್ಟಳು, "ಯಾರೋ ಒಗೆದು ಇಲ್ಲೇ ಮರ್ತಿದ್ದಾರೆ" ಅಂತ. ಆಮೇಲೆ ಒಂದು ದಿನ ಹೊರಗಿನಿಂದ ಚಿಲಕ ಹಾಕಿ ಶಾಲೆಗೆ ಹೋದೆ. ಬಂದಾಗ ಬಾಗಿಲಿನ ಹಿಂದೆ ನೆಲದ ಮೇಲೆ ಕೂತು ಅಳುತ್ತಿದ್ದಳು. "ಇನ್ನು ತಪ್ಪು ಮಾಡಲ್ಲಮ್ಮ, ತೆಗಿ" ಅಂದಳು. ನನಗೆ ಅಮ್ಮ ಅಂದಳು. ಅದಾದ ಮೇಲೆ ಚಿಲಕ ಹಾಕಲು ಕೈ ಬರಲಿಲ್ಲ.

ಲೆಕ್ಕದ ಪರೀಕ್ಷೆಯ ದಿನ ಹಾಗೇ ಬಿಟ್ಟು ಹೋದೆ. ಬಂದು ನೋಡಿದರೆ ಮನೆ ಖಾಲಿ. ಎಲ್ಲಿಗೆ ಅಂತ ಹುಡುಕುವುದು? ಮಾರುಕಟ್ಟೆ, ಬಸ್‌ ನಿಲ್ದಾಣ, ಕ್ಲಿನಿಕ್ಕು, ಎಲ್ಲ ಓಡಿದೆ. ಕೊನೆಗೆ ಪಾಳಿ ಅಂತಿದ್ದಳಲ್ಲ ಅಂತ ಹಳೆ ಗಿರಣಿಯ ಹತ್ತಿರ ಹೋದೆ. ಈಗ ಅದು ಗೋದಾಮು. ಗೇಟಿನ ಮುಂದೆ ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಕಾವಲುಗಾರ ಸ್ಟೂಲು ಕೊಟ್ಟರೂ ಕೂತಿರಲಿಲ್ಲವಂತೆ. "ಕೂತ್ರೆ ನನ್ನ ಸಾಲು ಹೋಗುತ್ತೆ" ಅಂದಳಂತೆ. ಅವಳ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ನಾನು ಅಲ್ಲೇ ಎಲ್ಲರೆದುರು ಅವಳಿಗೆ ಬೈದೆ ಅಮ್ಮ. ಅವಳು ತಲೆ ತಗ್ಗಿಸಿ ನಿಂತಳು. ಮರುದಿನದಿಂದ ನಾನು ಶಾಲೆಗೆ ಹೋಗಿಲ್ಲ.

ಇನ್ನೊಂದು ವಿಷಯ. ಜುಲೈನಲ್ಲೇ ನಾನು ದೊಡ್ಡವಳಾದೆ. ಹೆದರಿ ಬಚ್ಚಲಿನಲ್ಲಿ ಕೂತಿದ್ದೆ. ಅಜ್ಜಿ ಬಾಗಿಲು ತಟ್ಟಿ ಒಳಗೆ ಬಂದಳು. ಆ ದಿನ ಅವಳು ಪೂರ್ತಿ ಅಜ್ಜಿಯೇ ಆಗಿದ್ದಳು. ಹತ್ತಿಬಟ್ಟೆ ಹೇಗೆ ಮಡಿಸಬೇಕು ಅಂತ ತೋರಿಸಿದಳು, ಹೊಟ್ಟೆಗೆ ಬಿಸಿನೀರಿನ ಬಾಟಲಿ ಕೊಟ್ಟಳು, "ಇದು ಕಾಯಿಲೆ ಅಲ್ಲ ಕಣೇ, ಮೈ ಕೆಲಸ ಕಲೀತಿದೆ ಅಷ್ಟೇ" ಅಂದಳು. ನಾನು ಅವಳ ತೊಡೆಯ ಮೇಲೆ ಮಲಗಿದೆ. ಎಲ್ಲ ಸರಿಹೋಯಿತು ಅಂದುಕೊಂಡೆ. ಮರುದಿನ ಎದ್ದು, "ನೀನು ಯಾರ ಮನೆ ಹುಡುಗಿ?" ಅಂದಳು.

ಬಾ. ಆದರೆ ಓದು ಬಿಡಬೇಡ. ನೀನು ಬಿಟ್ಟರೆ ನಾನು ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲು.

ಬುಗುರಿ


ಅಕ್ಟೋಬರ್ ೧೫

ಬುಗುರಿ,

ನಿಮ್ಮನ್ನು ಬಿಟ್ಟು ವಾಪಸ್ಸು ಬಂದಾಗಿನಿಂದ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಅಲ್ಲಿದ್ದಾಗ ನೀನು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನಾನು ಅಜ್ಜಿಗೆ ಊಟ ಮಾಡಿಸಲು ಹೋದರೆ ನೀನು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು, "ಹಾಗಲ್ಲ, ಅವಳಿಗೆ ಎಡಗಡೆಯಿಂದ ಕೊಡಬೇಕು" ಅಂದೆ. ನನಗೆ ಅದು ಚುಚ್ಚಿತು. ಆದರೆ ನೀನು ಹೇಳಿದ್ದೇ ಸರಿ. ಬಲಗಣ್ಣಿನ ಪೊರೆ ಅಷ್ಟು ದಪ್ಪವಾಗಿದೆ ಅಂತ ಆಮೇಲೆ ಡಾಕ್ಟರೂ ಹೇಳಿದರಲ್ಲ.

ರಕ್ತ ಪರೀಕ್ಷೆಯ ವರದಿಯನ್ನು ಇಲ್ಲಿನ ಡಾಕ್ಟರಿಗೂ ತೋರಿಸಿದೆ. ಥೈರಾಯ್ಡ್ ಕಡಿಮೆ ಇರುವುದಕ್ಕೆ ಮಾತ್ರೆ ಕೊಟ್ಟರೆ ಮಂಕು ಸ್ವಲ್ಪ ಇಳಿಯುತ್ತದೆ, ಪೊರೆ ತೆಗೆದರೆ ಭಯ ಕಡಿಮೆಯಾಗುತ್ತದೆ ಅಂದರು. ಉಳಿದದ್ದು ವಾಪಸ್ಸು ಬರುವುದಿಲ್ಲ, ನಿಧಾನವಾಗಿ ಇನ್ನಷ್ಟು ಹೋಗುತ್ತದೆ. ನಿನ್ನಿಂದ ಮುಚ್ಚಿಡಬಾರದು ಅಂತ ಇದನ್ನು ಹೇಳುತ್ತಿದ್ದೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಚೆನ್ನಾಗಿ ಆಯಿತು ಅಂದೆನಲ್ಲ, ಆ ಮೊದಲ ಪರೀಕ್ಷೆಯಲ್ಲಿ ನಾನು ಫೇಲಾಗಿದ್ದೆ. ನೀನು ಚಿಂತೆ ಮಾಡುತ್ತೀಯ ಅಂತ ಬರೆಯಲಿಲ್ಲ. ನೋಡು, ಇಬ್ಬರೂ ಒಂದೇ ಗಿಡದ ಕಾಯಿಗಳು. ಈ ಸಲದ್ದು ಪಾಸಾಯಿತು.

ಟ್ಯೂಟರ್ ಮೇಡಂ ಹತ್ತಿರ ಹೋಗಿ, ಓದು ಬಿಡುತ್ತೇನೆ ಅಂದೆ. ಅವರು ಬಾಗಿಲು ಹಾಕಿ ಕೂರಿಸಿದರು. "ಬಿಟ್ಟು ಹೋಗಿ ಏನು ಮಾಡ್ತೀಯಾ? ಮೂರು ಜನಾನೂ ಒಟ್ಟಿಗೆ ಮುಳುಗ್ತೀರ. ಅವರನ್ನೇ ಇಲ್ಲಿಗೆ ಕರ್ಕೊಂಡು ಬಾ" ಅಂದರು. ಹಾಸ್ಟೆಲಿನ ಹೊರಗೆ ಇರಲು ಅನುಮತಿ ಬರೆದುಕೊಟ್ಟರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಯ ಪಕ್ಕ, ನೆಲಮಹಡಿಯಲ್ಲೇ ಒಂದು ಕೋಣೆ ಸಿಕ್ಕಿದೆ. ಗೋಡೆಗೆ ತೇವ ಹಿಡಿದಿದೆ, ಕಿಟಕಿ ಒಂದೇ. ಮುದುಕರಿಗಾಗಿ ಆಸ್ಪತ್ರೆಯಲ್ಲಿ ಹಗಲು ಕೇಂದ್ರವಿದೆ. ನನ್ನ ಕ್ಲಾಸು ಮುಗಿಯುವತನಕ ಅಜ್ಜಿ ಅಲ್ಲಿರಬಹುದು. ಇಲ್ಲಿನ ಶಾಲೆಯವರು ನಿನ್ನನ್ನು ಸೇರಿಸಿಕೊಂಡು, ನಿನಗೆ ತಪ್ಪಿದ ಪರೀಕ್ಷೆಗಳನ್ನು ಮತ್ತೆ ಕೊಡುತ್ತೇವೆ ಅಂದಿದ್ದಾರೆ.

ಇದೆಲ್ಲ ನಡೆಯುತ್ತದೆಯೋ, ಎಲ್ಲಿ ಮುರಿದುಬೀಳುತ್ತದೋ ನನಗೆ ಗೊತ್ತಿಲ್ಲ. ಹೊಸ ಜಾಗದಲ್ಲಿ ಅಜ್ಜಿಗೆ ಗಾಬರಿ ಹೆಚ್ಚಾಗಬಹುದು. ನಿನಗೆ ಸ್ನೇಹಿತರು ತಪ್ಪುತ್ತಾರೆ. ಆದರೂ ಬರುತ್ತೀಯಾ? ಇದು ಅಪ್ಪಣೆಯಲ್ಲ. ನಿನ್ನನ್ನು ಕೇಳುತ್ತಿದ್ದೇನೆ.

ನಿನ್ನ ಅಮ್ಮ


ನವೆಂಬರ್ ೧

ಅಮ್ಮ,

ಬರುತ್ತೇವೆ. ಟಿಕೆಟ್ ಆಗಿದೆ. ಟೈಲರ್ ಮಾಮ ಜೊತೆಗೆ ಬಂದು ಬಿಟ್ಟು ಹೋಗುತ್ತಾರೆ. ಅತ್ತೆ ಅಳುತ್ತಾ ಪಾತ್ರೆ ಕಟ್ಟುತ್ತಿದ್ದಾರೆ. ಮಾಮ ಮಾತ್ರ, "ಹೋಗೋರು ಹೋಗ್ತಾರೆ, ನನ್ನ ಕತ್ತರಿ ಗಂಟಲ್ಲಿ ಸೇರಿದೆಯಾ ಒಂದ್ಸಲ ನೋಡ್ಕೊಳ್ರಪ್ಪ" ಅಂದರು. ಅವರಿಗೆ ಗೊತ್ತಿತ್ತು ಅಮ್ಮ!

ಮಾತ್ರೆ ಶುರುವಾದ ಮೇಲೆ ಅಜ್ಜಿ ಸ್ವಲ್ಪ ಚುರುಕಾಗಿದ್ದಾಳೆ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಿನ್ನ ಮಗಳ ಹತ್ತಿರ ಅಂದರೆ, "ಅವಳು ಸ್ಕೂಲಿಂದ ಬಂದಿರ್ತಾಳಾ?" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ಅದು ಸುಳ್ಳೂ ಅಲ್ಲ.

ನಾನು ಮೂರು ತಿಂಗಳಲ್ಲಿ ಎಷ್ಟೋ ಕಲಿತೆ ಅಂತ ನೀನು ಅಲ್ಲಿ ಎಲ್ಲರಿಗೂ ಹೇಳುತ್ತೀಯ, ನನಗೆ ಗೊತ್ತು. ಹೇಳಬೇಡ. ನನಗೆ ಕಲಿಯಲು ಇಷ್ಟವಿರಲಿಲ್ಲ. ಅಜ್ಜಿ ಅಂದರೆ ಇಷ್ಟ, ಆದರೂ ಎಷ್ಟೋ ಸಲ ಅವಳು ನಿದ್ದೆಹೋದಾಗ ಬಾಗಿಲು ತೆಗೆದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು. ಮೆಟ್ಟಿಲ ತನಕ ಹೋಗಿ ಬಂದಿದ್ದೇನೆ. ನೀನು ನಿಜ ಬರಿ ಅಂದಿದ್ದಕ್ಕೆ ಇದನ್ನೂ ಬರೆದೆ.

ನನಗೊಂದು ಬೇಕು. ಅಲ್ಲಿಗೆ ಬಂದ ಮೇಲೆ ಅಜ್ಜಿ ಉಂಡಳಾ, ಮಾತ್ರೆ ತಗೊಂಡಳಾ, ರಾತ್ರಿ ಎದ್ದಳಾ ಅಂತ ನನ್ನನ್ನು ಕೇಳಬೇಡ. ಆಮೇಲೆ ಬೇಕಾದರೆ ಎಲ್ಲ ಮಾಡುತ್ತೇನೆ. ಸ್ವಲ್ಪ ದಿನ ಬೇಡ. ನಾನು ಗೋಡೆಯ ಕಡೆ ಮಲಗುತ್ತೇನೆ, ತೇವ ಇದ್ದರೂ ಪರವಾಗಿಲ್ಲ. ನಡುವೆ ನೀನು ಮಲಗು.

ಬೆಳಿಗ್ಗೆ ಶಾಲೆಗೆ ಹೊತ್ತಾಯಿತು ಅಂತ ನೀನು ಕೂಗಬೇಕು. ನಾನು ಏಳುವುದಿಲ್ಲ. ನೀನು ಬೈಯಬೇಕು, ಹೊದಿಕೆ ಎಳೆಯಬೇಕು. ಆಗಲೂ ನಾನು ಏಳುವುದಿಲ್ಲ. ನೀನು ಮತ್ತೆ ಕೂಗಬೇಕು.

ಬುಗುರಿ